ಸೊಸೆಯ ಕಂಪ್ಯೂಟರಿಗೆ ಕೂಡಿದ ಬೈಠಕ್

ನಮ್ಮ ಪಡಸಾಲೆಯ ಮೂಲೆಯಲ್ಲಿ ಒಂದು ಜಮಖಾನೆ ಸದಾ ಸುತ್ತಿಟ್ಟಿರುತ್ತದೆ. ಅದನ್ನು ಬಿಡಿಸಿ ಹಾಸಿದರೆಂದರೆ ಮನೆಯಲ್ಲಿ ಬೈಠಕ್ ಕೂಡುತ್ತಿದೆ ಎಂದೇ ಅರ್ಥ. ಶೇಡಬಾಳದ ನಮ್ಮಂಥ ಒಕ್ಕಲು ಮನೆಗಳಲ್ಲಿ ಎತ್ತು ಕೊಳ್ಳುವುದಕ್ಕೂ, ಹೆಣ್ಣು ತರುವುದಕ್ಕೂ, ಕಬ್ಬನ್ನು ಯಾವ ಕಾರ್ಖಾನೆಗೆ ಕಳಿಸಬೇಕೆಂಬ ಮಹಾಪ್ರಶ್ನೆಗೂ ಅದೇ ಜಮಖಾನೆ. ಅದರ ಮೇಲೆ ಕೂತವರು ಮಾತಾಡುತ್ತಾರೆ. ಯಾರ ವಿಷಯಕ್ಕಾಗಿ ಕೂತಿದ್ದಾರೋ ಅವರು ಒಳಗೆ ಚಹಾ ಕುದಿಸುತ್ತಾರೆ. ಕಳೆದ ಬೇಸಿಗೆಯಲ್ಲಿ ನಾವು ಅದನ್ನು ಹಾಸಿದ್ದು, ನಗಬೇಡಿ ಗೆಳೆಯರೇ, ನನ್ನ ಸೊಸೆಯ ಕಂಪ್ಯೂಟರಿನಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ಇರಬೇಕೆಂದು ತೀರ್ಮಾನಿಸುವುದಕ್ಕೆ.

ಸೊಸೆ ಸುನಂದಾ ಹತ್ತಿರದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಾಳೆ. ಕಾಯಂ ಅಲ್ಲದ ನೌಕರಿ. ರಜೆ ಬೀಳುವ ಮುನ್ನ ಪ್ರಿನ್ಸಿಪಾಲರು ಅವಳನ್ನು ಕರೆದು, ಬರುವ ವರ್ಷ ಗಣಿತದ ಜೊತೆಗೆ ಪ್ರೋಗ್ರಾಮಿಂಗ್ ಕಲಿಸುವವರು ಬೇಕು, ರಜೆಯಲ್ಲಿ ಕಲಿತು ಬಂದು ಆಡಳಿತ ಮಂಡಳಿಯ ಮುಂದೆ ಒಂದು ಪಾಠ ಮಾಡಿ ತೋರಿಸಿದರೆ ನೌಕರಿ ಉಳಿದೀತು, ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ ಎಂದಿದ್ದರು. ಅವಳಿಗೆ ಆ ನೌಕರಿಯೆಂದರೆ ಜೀವ. ಊಟದ ಹೊತ್ತಿಗೆ ಅವಳು ಇದನ್ನು ಹೇಳಿದಾಗ, ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿರುವ ನನ್ನ ಮಗ, "ಹಿರ್ಯಾರು ಹೆಂಗ ಅಂತೀರಿ ಹಂಗ" ಎಂದು ಕೈತೊಳೆದುಕೊಂಡು ಪಾಳಿಗೆ ಹೋದ. ಗಂಡಂದಿರು ಇಂಥ ಮಾತು ಆಡಿಯೇ ಇಡೀ ಸಂಸಾರವನ್ನು ದಾಟಿಸಿಬಿಡುತ್ತಾರೆ.

ಹಿರಿಯರಿಗೆ ಇಷ್ಟು ಸಾಕಲ್ಲ! ಮುಗಳಖೋಡದಿಂದ ನನ್ನ ತೀರಿಹೋದ ಹೆಂಡತಿಯ ತಮ್ಮ ಅಣ್ಣಾಸಾಹೇಬ ಬಂದ. ಸೊಸೈಟಿ ಚುನಾವಣೆಗಳಲ್ಲಿ ನಿಂತು, ಬಿದ್ದು, ಮತ್ತೆ ನಿಂತು ಗಟ್ಟಿಯಾದ ಮನುಷ್ಯ. ನಿಪ್ಪಾಣಿಯಿಂದ ನನ್ನ ತಂಗಿಯ ಮಗ ಭರತೇಶ ಬಂದ. ಕಂಪ್ಯೂಟರಿನಲ್ಲಿ ಏನೋ ಮಾಡುತ್ತಾನೆಂದು ಬಂಧುಬಳಗವೆಲ್ಲ ನಂಬಿದೆ. ನೀನು ಬರೆದ ಪ್ರೋಗ್ರಾಮ್ ಯಾವುದಪ್ಪಾ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಸದ್ಯ ಸಿಸ್ಟಮ್ ಬದಲಿಸುವುದರಲ್ಲಿದ್ದೇನೆ ಎಂದಿದ್ದ. ವರ್ಷಗಳಿಂದ ಅದರಲ್ಲೇ ಇದ್ದಾನೆ.

"ಮಾಮಾ, ಪ್ರೋಗ್ರಾಮಿಂಗ್ ಕಲೀಬೇಕಂದ್ರ ಲಿನಕ್ಸ್ ಹಾಕ್ಲೇಬೇಕು. ಉಳದದ್ದೆಲ್ಲಾ ಸಿನೆಮಾ ನೋಡಾವ್ರಿಗಿ" ಎಂದು ಭರತೇಶ ಶುರುಮಾಡಿದ.

"ಲೇ ಭರತ್ಯಾ, ಮಂದಿ ಎಲ್ಲಾ ವಿಂಡೋಸ್ ಹಚ್ಚ್ಯಾರ. ಮಂದಿ ಹೋದ ದಾರ್ಯಾಗ ಹೋದ್ರ ಕಾಲಿಗಿ ಮುಳ್ಳ ಚುಚ್ಚಂಗಿಲ್ಲ" ಎಂದ ಅಣ್ಣಾಸಾಹೇಬ. ಲಿನಕ್ಸಿಗೆ ದುಡ್ಡೇ ಕೊಡಬೇಕಿಲ್ಲ ಎಂದು ಗೊತ್ತಾದಾಗ ಅವನ ಸಂಶಯ ಇನ್ನಷ್ಟು ಬಲವಾಯಿತು. "ಪುಕಟ ಕೊಡಾಕ ಅವರೇನ ನಮ್ಮ ಬೀಗರೇನ?"

ಇಬ್ಬರಲ್ಲಿ ಒಬ್ಬನೂ ಈ ಜನ್ಮದಲ್ಲಿ ಪ್ರೋಗ್ರಾಮಿನ ಒಂದು ಸಾಲು ಬರೆದವನಲ್ಲ. ಆದರೆ ಅದು ನಮ್ಮಲ್ಲಿ ಅಡ್ಡಿಯಲ್ಲ, ಅರ್ಹತೆ. ಈಸು ಬಾರದವನಷ್ಟು ಚೆನ್ನಾಗಿ ದಂಡೆಯ ಮೇಲೆ ನಿಂತು ಕೃಷ್ಣಾ ನದಿಯ ಆಳ ಹೇಳುವವರು ಯಾರಿದ್ದಾರೆ? ಬೈಠಕ್ ಒಂದಕ್ಕೆ ಮುಗಿಯಲಿಲ್ಲ. ಅಕ್ಕಪಕ್ಕದವರೂ ಬಂದು ಸೇರಿದರು, ಸೊಸೈಟಿ ಚುನಾವಣೆಯಲ್ಲಿ ಆಗುವಂತೆ ಎರಡು ಪ್ಯಾನೆಲ್‌ಗಳಾದವು, ದ್ರಾಕ್ಷಿ ತೋಟದ ಔಷಧಿಯ ಮಾತು ನಡುವೆ ಬಂದು ಹೋಯಿತು. ಕಚ್ಚಿದ ಸೇಬಿನ ಗುರುತಿನದು ಎಲ್ಲಕ್ಕಿಂತ ಶ್ರೇಷ್ಠವೆಂದು ಒಬ್ಬರು ಹೇಳಿ, ಬೆಲೆ ಕೇಳಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೋದರು. ಸುನಂದಾ ಬಂದು ಕಪ್ಪು ಬಸಿ ಎತ್ತಿಕೊಂಡು ಹೋಗುತ್ತಿದ್ದಳು. ಮಂಡಳಿಯ ಮುಂದಿನ ಪಾಠದ ದಿನ ಹತ್ತಿರ ಬರುತ್ತಿತ್ತು.

ನನಗೆ ಆಗಾಗ ಒಂದು ವಿಚಾರ ಬರುತ್ತದೆ. ಈ ಗಡಿಯ ಊರುಗಳಲ್ಲಿ ಹುಟ್ಟಿದ ಕೂಸು ಅಜ್ಜಿಯ ಹತ್ತಿರ ಕನ್ನಡದಲ್ಲಿ ಅಳುತ್ತದೆ, ಅಂಗಡಿಯವನ ಹತ್ತಿರ ಮರಾಠಿಯಲ್ಲಿ ಚಾಕಲೇಟು ಕೇಳುತ್ತದೆ. ಮೊದಲು ಯಾವ ಭಾಷೆ ಕಲಿತರೆ ಮುಂದೆ ಅನುಕೂಲ ಎಂದು ಅದು ಬೈಠಕ್ ಕರೆಯುವುದಿಲ್ಲ. ಕರೆದಿದ್ದರೆ ಶೇಡಬಾಳದ ಅರ್ಧ ಮಂದಿ ಇಂದಿಗೂ ಮೂಕರಾಗಿರುತ್ತಿದ್ದರು. ಕಲಿಯುವವರು ಕೈಗೆ ಸಿಕ್ಕಿದ್ದರಲ್ಲಿ ಕಲಿತುಬಿಡುತ್ತಾರೆ. ಯಾವುದರಲ್ಲಿ ಕಲಿಯಬೇಕೆಂಬ ಚಿಂತೆ ಹೆಚ್ಚಾಗಿ ಕಲಿಯದವರದು. ಈ ಜ್ಞಾನವನ್ನು ನಾನು ಬೈಠಕ್ಕಿನಲ್ಲಿ ಹೇಳಿದೆನೇ ಎಂದು ಕೇಳಬೇಡಿ. ಮನೆಯ ಹಿರಿಯ ನಾನು. ಹಿರಿಯನ ಕೆಲಸ ರಾಜಿ ಮಾಡಿಸುವುದು.

ರಾಜಿ ಹೀಗಾಯಿತು. ಅಣ್ಣತಮ್ಮಂದಿರು ಹೊಲ ವಾಟಣಿ ಮಾಡಿಕೊಂಡು ನಡುವೆ ಬದುವು ಹಾಕುವಂತೆ, ಕಂಪ್ಯೂಟರಿನ ಡಿಸ್ಕನ್ನು ಸಮನಾಗಿ ಎರಡು ಪಾಲು ಮಾಡುವುದು. ಒಂದರಲ್ಲಿ ವಿಂಡೋಸ್, ಒಂದರಲ್ಲಿ ಲಿನಕ್ಸ್. ಎರಡೂ ಪ್ಯಾನೆಲ್ ಅವಿರೋಧವಾಗಿ ಆರಿಸಿ ಬಂದಂತಾಯಿತು. ಅಣ್ಣಾಸಾಹೇಬ ಪೇಢೆ ತರಿಸಿದ. ಭಾನುವಾರ ಇಳಿಹೊತ್ತಿಗೆ ಭರತೇಶ ಜಮಖಾನೆಯ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ವಾಟಣಿಗೆ ಕೂತ. ಮರುದಿನವೇ ಸುನಂದಾಳ ಪಾಠ.

ನಮ್ಮದು ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಆ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಇರುವ ಅವಸರ ರೈಲು ಹಿಡಿಯುವವರಿಗೂ ಇರುವುದಿಲ್ಲ. ಒಳಗೆ ಸುನಂದಾ ಇಷ್ಟೂ ಮಂದಿಗೆ ರೊಟ್ಟಿ ಬಡಿಯುತ್ತಿದ್ದಳು, ಹೊರಗೆ ಇಳಿಬಿಸಿಲು ಗೋಡೆ ಬಿಟ್ಟು ಮಾಡಿಗೆ ಏರುತ್ತಿತ್ತು. ಆಗ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಡಿಸ್ಕಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು.

ಭರತೇಶ ತಲೆ ಎತ್ತಿ ನಮ್ಮನ್ನು ನೋಡಿದ. "ಇದ್ರಾಗ ಏನರ ಐತೇನ್ರಿ?"

"ಅಕೀದೇನ ಇರತೈತಿ? ಅಕಿ ಇನ್ನಾ ಕಲಿಯಾಕ ಸುರು ಮಾಡಬೇಕಲ್ಲ! ಹೂಂ ಅನ್ನು, ಹೊತ್ತ ಮುಳಗಾಕತ್ತೈತಿ" ಎಂದ ಅಣ್ಣಾಸಾಹೇಬ. ಭರತೇಶ ಹೂಂ ಎಂದು ಒತ್ತಿದ. ಅಡುಗೆಮನೆ ಪಡಸಾಲೆಗೆ ಹೊಂದಿಕೊಂಡೇ ಇದೆ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ನಾನೂ ಹಾಕಲಿಲ್ಲ.

ಎಲ್ಲ ಮುಗಿದ ಮೇಲೆ ಸುನಂದಾ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು. ಪರದೆ ನೋಡಿದಳು, ಏನನ್ನೋ ಹುಡುಕಿದಳು, ಮತ್ತೊಮ್ಮೆ ಹುಡುಕಿದಳು. "ಇದ್ರಾಗ ನಂದೊಂದು ಇತ್ತಲ್ರಿ" ಎಂದಳು. ದನಿ ಏರಲಿಲ್ಲ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎಂಬ ಮಾತಿದೆ. ನಾವು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಕೂಸು ಹುಟ್ಟಿ ಅಂಗಳದಲ್ಲಿ ಓಡಾಡುತ್ತಿದ್ದಾಗಲೂ ಕುಲಾವಿಯ ಬಣ್ಣಕ್ಕಾಗಿ ಜಗಳವಾಡುತ್ತ ಕೂತಿದ್ದೆವು. ರಜೆ ಶುರುವಾದ ದಿನದಿಂದಲೇ, ಲ್ಯಾಪ್‌ಟಾಪಿನಲ್ಲಿ ಮೊದಲೇ ಇದ್ದ ಸಿಸ್ಟಮ್ಮಿನಲ್ಲೇ ಅವಳು ಕಲಿಯುತ್ತ ಬಂದಿದ್ದಳು. ಪಾಠಕ್ಕೆಂದು ಒಂದು ಪ್ರೋಗ್ರಾಮ್ ಬರೆದಿಟ್ಟಿದ್ದಳು. ರೈತರ ಹೆಸರು, ಅವರು ಕಬ್ಬು ನೆಟ್ಟ ದಿನ ಕೊಟ್ಟರೆ ಯಾರ ಕಬ್ಬನ್ನು ಮೊದಲು ಕಡಿಯಬೇಕು, ಯಾರದು ಆಮೇಲೆ ಎಂದು ಸಾಲುಹಚ್ಚಿ ತೋರಿಸುವಂಥದ್ದು. ಕಡಿಯುವ ಪಾಳಿಗಾಗಿ ಬಡಿದಾಡುವ ಈ ಸೀಮೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಅದು ಈಗ ಬದುವಿನ ಈಚೆಗೂ ಇರಲಿಲ್ಲ, ಆಚೆಗೂ ಇರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ನಾಚಿಕೆಪಡುವುದಕ್ಕೂ ನಮ್ಮವರು ಹೆಚ್ಚು ಹೊತ್ತು ಕೊಡುವುದಿಲ್ಲ. ಇದು ಲಿನಕ್ಸಿನ ತಪ್ಪೋ ವಿಂಡೋಸಿನ ತಪ್ಪೋ ಎಂದು ಆಗಲೇ ಮಾತು ಶುರುವಾಗಿತ್ತು. ಸುನಂದಾ ಲ್ಯಾಪ್‌ಟಾಪ್ ಎತ್ತಿಕೊಂಡಳು.

"ಮಾವಾರ, ರೊಟ್ಟಿ ಬುಟ್ಟ್ಯಾಗ ಅದಾವ, ಪಲ್ಲೆ ಒಲಿ ಮ್ಯಾಲ ಐತಿ. ನೀವ ಬಡಿಸ್ಕೋರಿ" ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತಟ್ಟೆಗಳು ಯಾವ ಕಪಾಟಿನಲ್ಲಿವೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಪಾಠ ಚೆನ್ನಾಗಿಯೇ ಆಯಿತೆಂದು ಪ್ರಿನ್ಸಿಪಾಲರೇ ನನಗೆ ಹೇಳಿದರು. ತಲೆಯಲ್ಲಿದ್ದುದನ್ನು ಮತ್ತೆ ಬರೆದು ಒಯ್ದಿದ್ದಳು. ಮಂಡಳಿಯ ಸದಸ್ಯರೊಬ್ಬರು ತಮ್ಮ ಹೆಸರನ್ನೇ ಹಾಕಿಸಿ ನೋಡಿ, ಪಾಳಿ ಕೊನೆಗೆ ಬಂದದ್ದಕ್ಕೆ ಇದನ್ನು ಸ್ವಲ್ಪ ಮೇಲೆ ತರಲು ಬರುತ್ತದೆಯೇ ಎಂದರಂತೆ. "ಇದರಾಗ ವಶೀಲಿ ನಡ್ಯಂಗಿಲ್ರಿ ಸರ" ಎಂದಳಂತೆ ಇವಳು. ಪಾಠಕ್ಕೆ ಕೂತಿದ್ದ ಹುಡುಗರ ಚಪ್ಪಾಳೆಯ ನಡುವೆ ಅವಳ ನೌಕರಿ ಉಳಿಯಿತು.

ಸಂಜೆಗೆ ಫೋನುಗಳು ಬಂದವು. ತನ್ನ ವಿಂಡೋಸಿನಿಂದಲೇ ಗೆದ್ದಳೆಂದು ಅಣ್ಣಾಸಾಹೇಬ, ತನ್ನ ಲಿನಕ್ಸಿನಿಂದಲೇ ಎಂದು ಭರತೇಶ. ಕಡೆಗೂ ಯಾವುದರಲ್ಲಿ ಬರೆದೆ ಎಂದು ಅವಳನ್ನೇ ಕೇಳಿ ಹೇಳಬೇಕೆಂದು ಇಬ್ಬರೂ ನನಗೆ ಗಂಟುಬಿದ್ದರು. ಕೇಳಿದೆ. ಸುನಂದಾ ಮಕ್ಕಳ ಉತ್ತರಪತ್ರಿಕೆಗಳಿಂದ ತಲೆ ಎತ್ತಿ, ಸಿಟ್ಟಿಲ್ಲದೆ ನನ್ನನ್ನು ನೋಡಿದಳು.

"ಅಳಿಸೂ ಮುಂದ ಕೇಳಬೇಕಿತ್ತಲ್ರಿ ಮಾವಾರ, ಈಗ್ಯಾಕ ಕೇಳ್ತೀರಿ?"