ಉಜ್ಜನಪ್ಪ ಕರೆದ ಮದುವೆ

ಶಿವಮೊಗ್ಗದ ಬೈಕ್ ಷೋರೂಮ್ ಒಂದರಲ್ಲಿ ಇನ್ಶೂರೆನ್ಸ್ ಕೌಂಟರಿನ ಹಿಂದೆ ಕೂರುವುದು ನನ್ನ ಉದ್ಯೋಗ. ಗಾಡಿ ಕೊಂಡವರು ಕಾನೂನಿನ ಪ್ರಕಾರ ನನ್ನ ಹತ್ತಿರ ಬರಲೇಬೇಕು, ಆದ್ದರಿಂದ ಸಂಬಳ ಬರುತ್ತಿದೆ. ಯಾರನ್ನಾದರೂ ಒಪ್ಪಿಸಿ ಏನಾದರೂ ಮಾರು ಎಂದಿದ್ದರೆ ನಾನು ಎಂದೋ ಗೋಪಾಳದ ಬಾಡಿಗೆ ರೂಮಿನಲ್ಲಿ ಸೂರಿನ ಜಂತೆ ಎಣಿಸುತ್ತಾ ಮಲಗಿರುತ್ತಿದ್ದೆ. ನಮ್ಮ ಬಳಗದಲ್ಲಿ ಆ ಕಲೆ ಇದ್ದದ್ದು ಒಬ್ಬರಿಗೇ, ಭದ್ರಾವತಿಯ ಉಜ್ಜನಪ್ಪನವರಿಗೆ. ಅವರು ನನ್ನಮ್ಮನ ಅಕ್ಕನ ಗಂಡ, ನನಗೆ ದೊಡ್ಡಪ್ಪ. ಮದುವೆಯಿಂದ ಬಂದ ಸಂಬಂಧವಾದ್ದರಿಂದ ರಕ್ತದಲ್ಲಿ ಅದರ ಪಾಲು ನನಗೆ ಸಿಗಲಿಲ್ಲ.

ದೊಡ್ಡಪ್ಪನ ಕಲೆ ಎಂದರೆ ಕರೆಯುವುದು. ನಮ್ಮವರಲ್ಲಿ ಮದುವೆ ಗೊತ್ತಾದರೆ ಮನೆಮನೆಗೆ ಹೋಗಿ, ಹೆಂಗಸರಿಗೆ ಕುಂಕುಮ ಕೊಟ್ಟು, ಬಾಯ್ತುಂಬ ಕರೆಯಬೇಕು. ವಾಟ್ಸಾಪಿನಲ್ಲಿ ಕಳಿಸಿದ ಪತ್ರಿಕೆಯನ್ನು ಲೆಕ್ಕಕ್ಕೆ ಹಿಡಿಯುವವರಿಲ್ಲ. ಯಾರ ಮನೆಗೆ ಮೊದಲು, ಯಾರ ಮುಂದೆ ಯಾರ ಹೆಸರು ಎತ್ತಬಾರದು, ಮುನಿಸಿಕೊಂಡ ಭಾವನನ್ನು ಯಾವ ಮಾತಿನಿಂದ ಮೆತ್ತಗೆ ಮಾಡಬೇಕು, ಎಲ್ಲ ದೊಡ್ಡಪ್ಪನಿಗೆ ಗೊತ್ತಿತ್ತು. ಹಾಗಾಗಿ ಯಾರ ಮನೆಯ ಮದುವೆಯಾದರೂ ಕರೆಯಲು ಹೊರಟವರ ಜೊತೆ ಅವರು ಇರಲೇಬೇಕು. ಎಡಗೈಯಲ್ಲಿ ಹಿತ್ತಾಳೆಯ ಕುಂಕುಮದ ಭರಣಿ, ಕಂಕುಳಲ್ಲಿ ಪತ್ರಿಕೆಗಳ ಚೀಲ.

"ಕರೆಯೋದು ಅಂದ್ರೆ ಕಾರ್ಡ್ ಕೊಡೋದಲ್ಲ ಮಲ್ಲಿ," ಎಂದು ನನಗೆ ಹೇಳುತ್ತಿದ್ದರು. "ಕಾರ್ಡನ್ನ ಪೋಸ್ಟ್‌ಮ್ಯಾನೂ ಕೊಡ್ತಾನೆ. ಮೊದ್ಲು ಅವರ ಮನೆ ನೀರು ಕುಡೀಬೇಕು. ಆಮೇಲೆ ಅವರ ಎಮ್ಮೆ ವಿಚಾರ ಕೇಳ್ಬೇಕು. ನೀವು ಬಂದು ನಿಂತ್ರೇನೇ ನಮ್ಮನೆ ಕಾರ್ಯ ಅನ್ನೋದನ್ನ ಕೊನೆಗೆ ಹೇಳ್ಬೇಕು."

"ಎಮ್ಮೆ ಇಲ್ಲದವರ ಮನೇಲಿ?"

"ಇಲ್ಲದವ್ರಿಗೆ ಯಾಕೆ ಮಾರಿದ್ರಿ ಅಂತ ಕೇಳ್ಬೇಕು ಮಾರಾಯ. ಇನ್ನೂ ಹೆಚ್ಚು ಮಾತಾಡ್ತಾರೆ."

ದೊಡ್ಡಪ್ಪ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದರು. ಕಾರ್ಖಾನೆ ಸೊರಗಿತು, ಕ್ಯಾಂಟೀನು ಮುಚ್ಚಿತು. ನ್ಯೂಟೌನಿನ ಮನೆಯ ಜಗಲಿಯ ಮೇಲೆ ಅವರು ಪೇಪರನ್ನು ಜಾಹೀರಾತೂ ಬಿಡದೆ ಓದುತ್ತಾ ಕೂತಿದ್ದ ಆ ದಿನಗಳಲ್ಲೇ ಆನಂದ್ ಎಂಬಾತ ಅವರನ್ನು ಕಂಡುಹಿಡಿದದ್ದು. ಆನಂದ್ ಒಂದು ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಯ ಶಿವಮೊಗ್ಗದ ಲೀಡರ್. ಟೂತ್‌ಪೇಸ್ಟು, ಚಾಕ್ಲೇಟು ವೆನಿಲ್ಲಾ ಫ್ಲೇವರಿನ ಪ್ರೋಟೀನ್ ಪೌಡರ್ರು, ಮಂಡಿನೋವಿನ ಎಣ್ಣೆ ಮಾರುವುದು, ಕೊಂಡವರನ್ನೂ ಮಾರುವವರನ್ನಾಗಿ ಮಾಡುವುದು, ಅವರ ಕೆಳಗೆ ಇನ್ನಷ್ಟು ಜನ. ಶಿವಮೊಗ್ಗದ ಹೋಟೆಲೊಂದರ ಹಾಲ್‌ನಲ್ಲಿ ನಡೆದ ಸಭೆಗೆ ದೊಡ್ಡಪ್ಪ ನನ್ನನ್ನೂ ಕರೆದುಕೊಂಡು ಹೋದರು. ಎ.ಸಿ. ಇದೆ ಎಂದು ನಾನು ಹೋದೆ.

"ಈ ಬಿಸ್ನೆಸ್ಸಲ್ಲಿ ಗೆಲ್ಲೋಕೆ ಮೂರೇ ಬೇಕು," ಎಂದ ಆನಂದ್ ಮೈಕಿನಲ್ಲಿ. "ಕನಸು, ಕೋಟು, ಕಾಂಟ್ಯಾಕ್ಟು. ಕನಸು ನಾನು ಕೊಡ್ತೀನಿ. ಕೋಟು ನೀವು ಹೊಲಿಸ್ಕೊಳ್ಳಿ. ಕಾಂಟ್ಯಾಕ್ಟ್ ಯಾರ ಹತ್ರ ಇದೆ?"

ಆಮೇಲೆ, "ಭದ್ರಾವತಿಯಿಂದ ಬಂದಿರೋ ಉಜ್ಜನಪ್ಪ ಸರ್, ದಯವಿಟ್ಟು ಸ್ಟೇಜಿಗೆ ಬನ್ನಿ," ಎಂದ.

ದೊಡ್ಡಪ್ಪ ಪಂಚೆ ಸರಿಮಾಡಿಕೊಂಡು ಎದ್ದರು. ಮೆಟ್ಟಿಲು ಹತ್ತುವಾಗ ಅವರ ಕಿವಿ ಕೆಂಪಾಗಿದ್ದದ್ದು ನನಗೆ ಕಾಣುತ್ತಿತ್ತು. ಆಯಸ್ಸೆಲ್ಲ ಇನ್ನೊಬ್ಬರ ಮನೆಯ ಕಾರ್ಯಕ್ಕೆ ಊರನ್ನು ಕರೆದ ಮನುಷ್ಯ. ಅವರ ಹೆಸರು ಹಿಡಿದು ಮೈಕಿನಲ್ಲಿ ಯಾರಾದರೂ ಕರೆದದ್ದು ಅದೇ ಮೊದಲು. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಅವರನ್ನು ಭದ್ರಾವತಿಯ ಬಸ್ಸು ಹತ್ತಿಸುವಷ್ಟರಲ್ಲಿ ನಾನು ಅವರ ಕೆಳಗಿನ ಮೊದಲ ಸದಸ್ಯನಾಗಿದ್ದೆ. ಬೇಡ ಎನ್ನಲು ಬೇಕಾದ ಗಂಟಲು ನನಗಿಲ್ಲ. ಆ ಟೂತ್‌ಪೇಸ್ಟು ನನ್ನ ಕಪಾಟಿನಲ್ಲಿ ಇನ್ನೂ ಇದೆ, ಅದರಲ್ಲಿ ಷೋರೂಮಿನ ಗಾಡಿಗಳ ಹೆಡ್‌ಲೈಟು ಚೆನ್ನಾಗಿ ಬೆಳಗುತ್ತದೆ.

ದೊಡ್ಡಪ್ಪ ಕೋಟು ಹೊಲಿಸಿದರು. ಭದ್ರಾವತಿಯ ಬಿಸಿಲಿಗೆ, ಪಂಚೆಯ ಮೇಲೆ. ಮೊದಮೊದಲು ಸಾಮಾನು ಕೊಳ್ಳದ ಮನೆಯೇ ಇರಲಿಲ್ಲ. ನಮ್ಮ ಮಗಳ ಮದುವೆ ಕರೆದವನಲ್ಲವೇ, ಬಾಗಿಲಿಗೆ ಬಂದಿದ್ದಾನೆ, ಒಂದು ಎಣ್ಣೆ ಇರಲಿ ಎಂದು ತೆಗೆದುಕೊಂಡರು. ಆನಂದ್ ಅವರಿಗೆ 'ಸಿಲ್ವರ್' ಎಂಬ ಬಿರುದು ಕೊಟ್ಟು ಹಾರ ಹಾಕಿದ. ಎಲ್ಲರ ಮನೆಯಲ್ಲೂ ಎಣ್ಣೆ ಉಳಿದುಹೋದ ಮೇಲೆ ಕೊಳ್ಳುವವರು ನಿಂತರು. ಆಗ ಆನಂದ್ ಹೊಸ ಪಾಠ ಹೇಳಿದ: ಸಭೆ ಇದೆ ಎಂದು ಕರೆಯಬೇಡಿ, ವಿಷಯ ಬಿಟ್ಟುಕೊಡಬೇಡಿ, ಕುತೂಹಲ ಹುಟ್ಟಿಸಿ ಕರೆಯಿರಿ.

ಬೇರೆ ಯಾರಾದರೂ ಆಗಿದ್ದರೆ ಫೋನು ಮಾಡಿ ಏನೋ ಒಂದು ಸುಳ್ಳು ಹೇಳುತ್ತಿದ್ದರು. ದೊಡ್ಡಪ್ಪನಿಗೆ ಕರೆಯುವುದು ಗೊತ್ತಿದ್ದದ್ದು ಒಂದೇ ರೀತಿ. ಬಸವಣ್ಣನ ಚಿತ್ರ ಹಾಕಿ, ಅರಿಶಿನದ ಅಂಚಿನ ಪತ್ರಿಕೆ ಮಾಡಿಸಿದರು. ಅದರ ಮೇಲೆ 'ಶುಭ ಸಮಾರಂಭ' ಎಂದಷ್ಟೇ ಇತ್ತು. ಭರಣಿ ಹಿಡಿದು ಮನೆಮನೆಗೆ ಹೋಗಿ ಕುಂಕುಮ ಕೊಟ್ಟು, "ಮನೇಲೊಂದು ಶುಭಕಾರ್ಯ, ಬಂದು ನಿಂತು ನಡೆಸಿಕೊಡಬೇಕು" ಎಂದರು. ಊರಿಗೆ ಅರ್ಥವಾದದ್ದು ಒಂದೇ. ಉಜ್ಜನಪ್ಪನ ಮಗಳು ತನುಜಾಗೆ ಗಂಡು ಗೊತ್ತಾಗಿದೆ.

ಕರೆದ ದಿನ ಜನ ದೊಡ್ಡಪ್ಪನ ಮನೆಗೆ ಬಾಳೆಹಣ್ಣು, ತೆಂಗಿನಕಾಯಿ, ಮುಯ್ಯಿಯ ಸ್ಟೀಲ್ ಪಾತ್ರೆ ಹಿಡಿದು ಬಂದರು. ಹಳೇನಗರದಿಂದ ದೊಡ್ಡಪ್ಪನ ಸ್ವಂತ ಅಕ್ಕ ವೀರಮ್ಮತ್ತೆ ಬಂದರು. ತನುಜಾಗೆ ಸೋದರತ್ತೆ, ಮುಂದೆ ಅವಳ ಮದುವೆಯಲ್ಲಿ ಮೊದಲ ಆರತಿ ಎತ್ತಬೇಕಾದವರು. ಅಡಿಕೆ ಬಣ್ಣದ ರೇಷ್ಮೆ ಸೀರೆ ತಂದು ತನುಜಾಳ ಕೈಗಿಟ್ಟು, "ಗಂಡಿನ ಕಡೆಯವ್ರು ಬರೋದ್ರೊಳಗೆ ಉಟ್ಕೊಂಡು ಬಿಡೇ," ಎಂದರು.

ತನುಜಾ ಏನೂ ಗೊತ್ತಿಲ್ಲದೆ ಅಪ್ಪನ ಮುಖ ನೋಡಿದಳು. ಹೊತ್ತಿಗೆ ಸರಿಯಾಗಿ ಆನಂದ್ ಬಂದ. ಗೋಡೆಗೆ ಬಿಳಿ ಪಂಚೆ ಕಟ್ಟಿದರು, ಪ್ರೊಜೆಕ್ಟರು ಹೊತ್ತಿತು, ಪಂಚೆಯ ಮೇಲೆ ಯಾರದೋ ಕಾರು, ಯಾರದೋ ಸಮುದ್ರ ಮೂಡಿತು. ಪಾತ್ರೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಜನ ಒಬ್ಬೊಬ್ಬರೇ ಎದ್ದರು. ನಾನು ಬಾಗಿಲಲ್ಲಿ ನಿಂತು ಸ್ಯಾಂಪಲ್ ಪೊಟ್ಟಣ ಹಂಚುತ್ತಿದ್ದೆ. ನನಗೆ ವಹಿಸಿದ್ದ ಆ ಕೆಲಸವನ್ನು ನಿಷ್ಠೆಯಿಂದ ಮಾಡಿದೆ. ವೀರಮ್ಮತ್ತೆ ಪೊಟ್ಟಣ ತೆಗೆದುಕೊಳ್ಳಲಿಲ್ಲ. ಸೀರೆ ವಾಪಸು ಕೇಳಲೂ ಇಲ್ಲ.

"ಕುಂಕುಮ ಕೊಟ್ಟು ಕರೆದ್ಯಲ್ಲೋ ಉಜ್ಜನಪ್ಪ," ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದರು.

ಅಲ್ಲಿಂದಾಚೆ ದೊಡ್ಡಪ್ಪನ ಫೋನನ್ನು ಯಾರೂ ಎತ್ತದಾದರು. ಯಾರ ಮನೆಯವರೂ ಕರೆಯಲು ಅವರನ್ನು ಜೊತೆಗೆ ಕರೆದುಕೊಂಡು ಹೋಗಲಿಲ್ಲ. ಕೋಟು ಮೊಳೆಯಲ್ಲಿ ನೇತಾಡಿತು. ಆನಂದ್ ಬೇರೆ ಊರಿನಲ್ಲಿ ಬೇರೆ ಕಂಪನಿಯ ಕನಸು ಹಂಚುತ್ತಿದ್ದಾನೆಂದು ಸುದ್ದಿ ಬಂತು.

ಮರುವರ್ಷ ತನುಜಾಗೆ ನಿಜವಾಗಿಯೂ ಗಂಡು ಗೊತ್ತಾಯಿತು. ಗೋಪಾಳದ ಹುಡುಗ, ಒಳ್ಳೆಯ ಮನೆತನ. ಅವರು ಕೇಳಿದ್ದು ಒಂದೇ: "ನಿಮ್ಮ ಕಡೆ ಜನ ಚೆನ್ನಾಗಿ ಸೇರ್ಲಿ, ನಮಗೆ ಅದೇ ಶೋಭೆ." ದೊಡ್ಡಪ್ಪ ನಕ್ಕು, "ಜನಕ್ಕೇನು ಬರ," ಎಂದರು. ಭರಣಿ ತೊಳೆದು, ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದರು. ನನ್ನ ಬೈಕಿನ ಹಿಂದೆ ಕೂತರು.

ಮೊದಲ ಮನೆಯವರು ಗೇಟಿನಾಚೆಯಿಂದಲೇ ಮಾತಾಡಿದರು. "ಮದುವೆ ಯಾವ ಫ್ಲೇವರ್ರು ಉಜ್ಜನಪ್ಪ? ಚಾಕ್ಲೇಟಾ, ವೆನಿಲ್ಲಾನಾ?"

ದೊಡ್ಡಪ್ಪ ನಗಲು ನೋಡಿದರು. "ತಮಾಷೆ ಬೇಡ ಮಾರಪ್ಪಣ್ಣ. ಬೇಕಾದ್ರೆ ಬೀಗರ ನಂಬರ್ ಕೊಡ್ತೀನಿ, ಕೇಳ್ನೋಡಿ."

"ಅವ್ರೂ ನಿಮ್ಮ ಟೀಮ್‌ನವ್ರೇ ಇರ್ಬೇಕು."

ಮುಂದಿನ ಮನೆಗಳಲ್ಲಿ ಇಷ್ಟು ಮಾತೂ ಇರಲಿಲ್ಲ. ಕೆಲವು ಕಡೆ ನಾಯಿ ಬಂತು, ಕೆಲವು ಕಡೆ ಪರದೆ ಅಲುಗಾಡಿತು. ಕೊನೆಗೆ ಹಳೇನಗರ. ವೀರಮ್ಮತ್ತೆಯ ಮನೆಯೊಳಗೆ ಧಾರಾವಾಹಿಯ ಅಳು ಜೋರಾಗಿ ಕೇಳುತ್ತಿತ್ತು. ಅವರ ಮಗ ದುಷ್ಯಂತ್ ಕಿಟಕಿಗೆ ಬಂದ.

"ಅಮ್ಮ ಮನೇಲಿಲ್ಲ ಮಾಮ."

"ಟೀವಿ ಯಾರು ನೋಡ್ತಿದಾರಪ್ಪ?"

"ನಾನೇ."

"ನೀನು ಅಳೋ ಧಾರಾವಾಹಿ ನೋಡ್ತೀಯಾ?"

ದುಷ್ಯಂತ್ ಕಿಟಕಿಯಿಂದ ಸರಿದುಕೊಂಡ. ದೊಡ್ಡಪ್ಪ ಕಿಟಕಿಯ ಸರಳು ಹಿಡಿದು, ಒಳಗಿದ್ದವರಿಗೆ ಕೇಳುವಂತೆ ಕರೆದರು. ಆ ವಾರದಲ್ಲಿ ಅವರು ಅಷ್ಟು ಚೆನ್ನಾಗಿ ಬೇರೆಲ್ಲೂ ಕರೆದಿರಲಿಲ್ಲ. ಅಪ್ಪ ಅಮ್ಮನ ಹೆಸರೆತ್ತಿದರು, ಅಕ್ಕ ತನ್ನನ್ನು ಎತ್ತಿ ಆಡಿಸಿದ್ದನ್ನು ನೆನೆಸಿದರು, ಆರತಿ ಎತ್ತಲು ನೀನಿಲ್ಲದೆ ಮಂಟಪಕ್ಕೆ ಕಳೆಯಿಲ್ಲ ಎಂದರು. ಒಳಗೆ ಧಾರಾವಾಹಿಯ ದನಿ ಸಣ್ಣದಾಯಿತು, ಬಾಗಿಲು ತೆರೆಯಲಿಲ್ಲ. ಪತ್ರಿಕೆಯನ್ನು ಬಾಗಿಲ ಸಂದಿಯಲ್ಲಿ ತೂರಿಸಿದರು. ಬೈಕು ಹತ್ತಿ, ಸೇತುವೆ ದಾಟಿದ ಮೇಲೆ, "ಸಂದೀಲಿ ಹಾಕೋದು ಕರೆಂಟ್ ಬಿಲ್ಲು ಕಣೋ ಮಲ್ಲಿ," ಎಂದರು. ಭರಣಿ ಮುಚ್ಚಿದ ಹಾಗೇ ಇತ್ತು.

ಮದುವೆ ಶಿವಮೊಗ್ಗದಲ್ಲಿ, ಕೋಟೆ ಹತ್ತಿರದ ಕಲ್ಯಾಣ ಮಂಟಪದಲ್ಲಿ. ಗಂಡಿನ ಕಡೆ ಜನ ನಿಲ್ಲಲು ಜಾಗವಿರಲಿಲ್ಲ. ಹೆಣ್ಣಿನ ಕಡೆಯ ಕುರ್ಚಿಗಳಲ್ಲಿ ನನ್ನಮ್ಮ, ದೊಡ್ಡಮ್ಮನ ತವರಿನ ಕೆಲವರು, ಪಕ್ಕದ ಮನೆಯವರು. ಕುರ್ಚಿ ತುಂಬಿದಂತೆ ಕಾಣಲೆಂದು ನಾನು ನನ್ನ ಷೋರೂಮಿನ ಮೆಕ್ಯಾನಿಕ್‌ಗಳನ್ನು ಕರೆತಂದು ಬಿಡಿಬಿಡಿಯಾಗಿ ಕೂರಿಸಿದ್ದೆ. ಅವರು ಎದ್ದು ಎದ್ದು ಒಂದೇ ಕಡೆ ಸೇರಿಕೊಂಡು ಮೊಬೈಲ್ ನೋಡುತ್ತಿದ್ದರು. ನನ್ನ ಟೀಮು ಕಟ್ಟುವ ಸಾಮರ್ಥ್ಯ ಅಷ್ಟೇ.

"ಸೋದರತ್ತೆ ಬರ್ಲಿ, ಆರತಿ ಎತ್ಲಿ," ಎಂದರು ಮದುವೆ ಮಾಡಿಸುತ್ತಿದ್ದ ಅಯ್ಯನವರು.

ದೊಡ್ಡಪ್ಪ ಬಾಗಿಲ ಕಡೆ ನೋಡಿದರು. ಅಯ್ಯನವರು ಮತ್ತೆ ಕೇಳಿದರು. ಬೀಗರ ಮುಖಗಳು ಒಂದರ ಕಡೆಗೊಂದು ತಿರುಗಿದವು. ಕೊನೆಗೆ ಗೋಪಾಳದಲ್ಲಿ ಬೀಗರ ಪಕ್ಕದ ಮನೆಯ ಹೆಂಗಸು, ತನುಜಾಳನ್ನು ಅದೇ ಮೊದಲು ನೋಡುತ್ತಿದ್ದವರು, ತಟ್ಟೆ ಎತ್ತಿದರು. ತನುಜಾ ಉಟ್ಟಿದ್ದದ್ದು ಅಡಿಕೆ ಬಣ್ಣದ ಆ ರೇಷ್ಮೆ ಸೀರೆ. ಮುಹೂರ್ತ ಮುಗಿಯಿತು.

ಮದುಮಕ್ಕಳನ್ನು ಎದುರಿನ ಗುಡಿಗೆ ಕೈಮುಗಿಸಲು ಹೊರಗೆ ಕರೆತಂದೆವು. ಆಗ ರಸ್ತೆಯಾಚೆಯ ಟೀ ಅಂಗಡಿಯ ಬೆಂಚಿನಿಂದ ಒಬ್ಬರು ಎದ್ದು ನಿಂತರು. ವೀರಮ್ಮತ್ತೆ. ಅಂಗಡಿಯವನ ಪ್ರಕಾರ ಬೆಳಿಗ್ಗೆಯಿಂದ ಅಲ್ಲೇ ಇದ್ದರು, ಒಂದು ಟೀ ಕುಡಿದಿದ್ದರು. ನಾನು ಓಡಿದೆ.

"ಒಳಗೆ ಬರೋದಲ್ವಾ ಅತ್ತೆ."

ಅವರು ನನ್ನನ್ನು ನೋಡಲಿಲ್ಲ. ಬಾಸಿಂಗ ಕಟ್ಟಿದ್ದ ತನುಜಾಳನ್ನೇ ನೋಡುತ್ತಿದ್ದರು. "ನಿಜವಾಗ್ಲೂ ಮದುವೇನೇ ಕಣೋ," ಎಂದರು. "ಓಲಗದ ಸದ್ದು ಕೇಳ್ತು. ಅದನ್ನೂ ಟೇಪಲ್ಲಿ ಹಾಕಿಸಿರ್ತಾನೆ ಅಂದ್ಕೊಂಡೆ."

"ಅವತ್ತು ದೊಡ್ಡಪ್ಪ ಕಿಟಕೀಲಿ ಕರೆದಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಅಷ್ಟು ಚೆನ್ನಾಗಿ ಕರೆದ್ನಲ್ಲ, ಅದಕ್ಕೇ ನಂಬಿಕೆ ಬರ್ಲಿಲ್ಲ. ಹೋದ ಸಲಾನೂ ಹಂಗೇ ಕರೆದಿದ್ದ." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಆರತಿ ಯಾರು ಎತ್ತಿದ್ರು?"

ನಾನು ಹೇಳಿದೆ. ಅವರು ಬೆಂಚಿನ ಮೇಲೆ ಮತ್ತೆ ಕೂತರು.

ದೊಡ್ಡಪ್ಪ ಅಷ್ಟರಲ್ಲಿ ನೋಡಿದ್ದರು. ಮಂಟಪದ ಬಾಗಿಲಲ್ಲಿ ಬಂದವರಿಗೆಂದು ಇಟ್ಟಿದ್ದ ಭರಣಿ ಎತ್ತಿಕೊಂಡು, ಬರಿಗಾಲಲ್ಲಿ ರಸ್ತೆ ದಾಟಿ ಬಂದರು. ಒಂದು ಸಿಟಿ ಬಸ್ಸು ಅವರಿಗಾಗಿ ಬ್ರೇಕು ಹಾಕಿತು. ಅಕ್ಕನ ಮುಂದೆ ನಿಂತು ಮುಚ್ಚಳ ತೆಗೆದರು.

"ಅಕ್ಕ," ಎಂದರು. "ತನುಜಂದು..."

ಮತ್ತೆ "ಅಕ್ಕ" ಎಂದರು. ಎಮ್ಮೆಯ ವಿಚಾರವಿಲ್ಲ, ಅಪ್ಪ ಅಮ್ಮನ ಹೆಸರಿಲ್ಲ. ಊರನ್ನೆಲ್ಲ ಕರೆದ ಬಾಯಿ ಸುಮ್ಮನೆ ತೆರೆದುಕೊಂಡಿತ್ತು, ಭರಣಿ ವಾಲಿ ಕುಂಕುಮ ಅವರ ಬಿಳಿ ಪಂಚೆಯ ಮೇಲೆ ಚೆಲ್ಲುತ್ತಿತ್ತು.

ವೀರಮ್ಮತ್ತೆ ಅವರ ಮುಖ ನೋಡಿದರು. ಆಮೇಲೆ ಹಣೆ ಮುಂದೆ ಚಾಚಿ ಕುಂಕುಮ ಇಡಿಸಿಕೊಂಡರು.

"ಆಯ್ತಪ್ಪ, ಬರ್ತೀನಿ," ಎಂದರು, ಮದುವೆ ಇನ್ನೂ ಎಷ್ಟೋ ದಿನ ಇರುವಾಗ ಕರೆದವರಿಗೆ ಹೇಳುವ ಹಾಗೆ.

ಅಕ್ಕ ತಮ್ಮ ಇಬ್ಬರೂ ರಸ್ತೆ ದಾಟಿದರು. ಒಳಗೆ ಮಂಟಪದ ಆಳುಗಳು ಊಟಕ್ಕೆ ಜಾಗ ಮಾಡಲು ಹೆಣ್ಣಿನ ಕಡೆಯ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ವೀರಮ್ಮತ್ತೆ ಒಂದನ್ನು ಇಳಿಸಿಕೊಂಡು, ಮುಂದಿನ ಸಾಲು ಇದ್ದ ಜಾಗದಲ್ಲಿ ಹಾಕಿಕೊಂಡು ಕೂತರು.