ಕತ್ತಲೆ ಕೋಣೆಗೆ ಬಂದ ಕಾವಲು

ಇವತ್ತು ಹರಿಹರದಲ್ಲಿ ನನ್ನನ್ನು ಗೂಢಚಾರನೆಂದು ಹಿಡಿದರು, ಗೆಳೆಯರೇ. ಗಡಿಯಲ್ಲಿ ಯುದ್ಧ, ಇಲ್ಲಿ ಸೇತುವೆಗೆ ಕಾವಲು. ಹಳೆಯ ಸೇನಾ ವಿಮಾನವೊಂದು ತುಂಗಭದ್ರೆಯ ದಂಡೆಗುಂಟ ತಗ್ಗಿನಲ್ಲಿ ಹಾರಿದ್ದೇ ತಡ, ಫೋಟೊ ಹೊಡೆದೆ. ಕಾವಲಿನ ಪೊಲೀಸಿನವನು ಕ್ಯಾಮೆರಾ ಕಸಿದು ಮುಚ್ಚಳಕ್ಕೆ ಕೈ ಹಾಕಿದ.

“ತೆಗಿಬ್ಯಾಡ್ರಿ, ಬೆಳಕು ಬಿದ್ರೆ ರೀಲು ಹಾಳಾಗ್ತದೆ. ನಿಮ್ಮ ಸಾಹೇಬ್ರ ಮಗಳ ಮದುವೆ ಫೋಟೊನೂ ಇದರಾಗೇ ಐತೆ.”

ಅವನ ಕೈ ನಿಂತಿತು. “ಹಂಗಾದ್ರೆ ನನ್ನ ಕಣ್ಣೆದುರಿಗೇ ರೀಲು ತೊಳಿ, ಲೇ.”

ನನ್ನ ಸ್ಟುಡಿಯೊದ ಕತ್ತಲೆ ಕೋಣೆಗೂ ಬಂದ. ದೀಪ ಆರಿಸಿ ರೀಲು ಬಿಚ್ಚಿದೆ.

“ಕತ್ತಲಾಗೆ ಏನ್ ಮಾಡ್ತಿದೀಯಲೇ?” ಎಂದವನೇ ಟಾರ್ಚು ಹಾಕಿದ.

ನನ್ನ ಮೇಲಿನ ಸಾಕ್ಷಿಯೂ ಹೋಯಿತು, ಮದುವೆಯೂ ಹೋಯಿತು. ಈಗ ನನ್ನ ಬೆಂಚಿನ ಮೇಲೆ ಕೂತು ಕೇಳುತ್ತಿದ್ದಾನೆ: “ಅಣ್ಣಾರೆ, ಸಾಹೇಬ್ರಿಗೆ ಏನ್ ಹೇಳೋಣ್ರಿ?”