ಆಚೆ ದಡದ ಚರ್ಚು

ಸುರಕ್ಷಾ ಬೆಳೆದದ್ದು ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ. ಅವಳ ತಂದೆ ಅಲ್ಲಿ ವೈದ್ಯರಾಗಿದ್ದರು. ಈಗ ಇಬ್ಬರೂ ನೆಲೆಸಿರುವ, ಸಾಗರದಾಚೆಯ ಫಾಸ್ಟರ್ ಸಿಟಿಯಲ್ಲಿ ಕೆರೆಯಂಥ ಲಗೂನಿನ ದಡದಲ್ಲಿ ವಾಕಿಂಗ್ ಹೋದಾಗಲೆಲ್ಲ ಗಂಡ ಉಲ್ಲಾಸನಿಗೆ ತನ್ನ ಆ ಹಳ್ಳಿಯ ಹಳೆಯ ಕಲ್ಲುಸೇತುವೆ, ಅದರಾಚೆಯ ಚರ್ಚು, ನೀರಿನ ಗಿರಣಿಗಳ ಬಗ್ಗೆಯೇ ಹೇಳುತ್ತಿದ್ದಳು.

"ಈ ರಿಲೀಸು ಮುಗೀಲಿ, ಹೋಗೋಣ" ಎಂದು ಸಾಫ್ಟ್‌ವೇರ್ ಎಂಜಿನಿಯರಾದ ಅವನು ಪ್ರತಿ ವರ್ಷವೂ ಮುಂದೂಡಿದ.

ಕಳೆದ ಬೇಸಿಗೆಯಲ್ಲಿ ಕೊನೆಗೂ ಹೋದರು. ಆದರೆ ಅದಕ್ಕೆ ಮೊದಲಿನ ಚಳಿಗಾಲದ ಪ್ರವಾಹ ಸೇತುವೆಯನ್ನು ಕೊಚ್ಚಿಕೊಂಡು ಹೋಗಿತ್ತು. ನದಿಯಲ್ಲಿ ಒಂದು ಕಂಬ ಮಾತ್ರ ಉಳಿದಿತ್ತು.

"ಮೊದಲೇ ಬರಬೇಕಿತ್ತು, ಸಾರಿ" ಎಂದ ಉಲ್ಲಾಸ್.

"ಅಪ್ಪ ನಂಗೆ ಸೈಕಲ್ ಕಲಿಸಿದ್ದು ಆ ಸೇತುವೆ ಮೇಲೇನೇ ಕಣ್ರೀ" ಎಂದಳು ಸುರಕ್ಷಾ.

ಆಚೆ ದಡದ ಚರ್ಚನ್ನು ಇಬ್ಬರೂ ದೂರದಿಂದಲೇ ನೋಡಿದರು. ಫೋಟೊ ತೆಗೆಯಲೆಂದು ಅವನು ಫೋನು ಎತ್ತಿದಾಗ ಬೇಡವೆಂದು ತಲೆಯಾಡಿಸಿ, ಅವಳು ಕಾರಿನತ್ತ ನಡೆದಳು.